ಒಂದೂ ಗೆರೆ ದಾಟದ ಚಾರ್ಟು: ಹನ್ನೆರಡು ದಿನ ಸುಮ್ನಿದ್ದ ಕ್ಯಾಲ್ಸಿಯಂ ಕ್ಯೂಸಿಯ ಪ್ರಕರಣ

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, ನಮ್ಮ ಲ್ಯಾಬಿನ ಈ ಪ್ರಕರಣದಲ್ಲಿ ಯಾರೂ ಕ್ಯೂಸಿ (ಕ್ವಾಲಿಟಿ ಕಂಟ್ರೋಲ್, ಅಂದ್ರೆ ಮಷಿನ್ ಸರಿಯಾಗಿ ಅಳೀತಿದೆಯಾ ಅಂತ ದಿನಾ ನೋಡೋದು) ಹಾಕೋದನ್ನ ಮರೆತಿರ್ಲಿಲ್ಲ. ಪ್ರತಿದಿನ ಬೆಳಿಗ್ಗೆ ಎರಡು ಲೆವೆಲ್ ಕಂಟ್ರೋಲ್ (ಎಷ್ಟು ಬರ್ಬೇಕು ಅಂತ ಮೊದಲೇ ಗೊತ್ತಿರೋ ಸೀರಮ್ಮು) ಓಡಿದೆ, ಚಾರ್ಟ್ ಮೇಲೆ ಚುಕ್ಕಿ ಬಿದ್ದಿದೆ, ಟೆಕ್ನಿಷಿಯನ್ ಸಹಿ ಹಾಕಿದಾರೆ, ನಾನೂ ವಾರಕ್ಕೊಂದ್ಸಲ ನೋಡಿ ಸಹಿ ಹಾಕಿದೀನಿ. ಆಡಿಟ್‌ಗೆ ಯಾರಾದ್ರೂ ಬಂದಿದ್ರೆ ಆ ಫೈಲ್ ನೋಡಿ ಮೆಚ್ಕೊಂಡು ಹೋಗ್ತಿದ್ರು. ಆದ್ರೂ ಹನ್ನೆರಡು ದಿನದಲ್ಲಿ ನಮ್ಮ ಕ್ಯಾಲ್ಸಿಯಂ ರಿಸಲ್ಟು ಶೇಕಡಾ ಆರಕ್ಕಿಂತ ಜಾಸ್ತಿ ಕೆಳಗೆ ಜಾರಿತ್ತು, ಅದನ್ನ ನಮಗೆ ಹೇಳಿದ್ದು ಚಾರ್ಟ್ ಅಲ್ಲ, ವಾರ್ಡಿಂದ ಬಂದ ಒಂದು ಫೋನು.

ಫೋನ್ ಮಾಡಿದ್ದು ಸರ್ಜರಿ ಕಡೆ ಡಾಕ್ಟ್ರು. ಥೈರಾಯ್ಡ್ ಆಪರೇಶನ್ ಆದ್ಮೇಲೆ ಕ್ಯಾಲ್ಸಿಯಂ ಇಳಿಯೋದು ಗೊತ್ತಿರೋದೇ, ಅದಕ್ಕೇ ಅವ್ರು ಅದನ್ನ ದಿನಾ ನೋಡ್ತಾರೆ. ಅವತ್ತು ಅವ್ರ ಪ್ರಶ್ನೆ ಬೇರೆ ಇತ್ತು: "ಆಪರೇಶನ್ ಇನ್ನೂ ಆಗೇ ಇಲ್ಲ, ನಾಳೆ ಇರೋದು, ಇವತ್ತಿನ ಸ್ಯಾಂಪಲ್ಲಲ್ಲೇ 8.3 ಬಂದಿದೆ, ಎರಡು ವಾರದ ಹಿಂದೆ ನಿಮ್ಮಲ್ಲೇ 8.9 ಇತ್ತು. ಈ ವಾರ ಇಂಥದ್ದು ಇದು ಮೂರನೇದು. ನಿಮ್ಮ ಮಷಿನ್ ಒಂದ್ಸಲ ನೋಡ್ತೀರಾ?" ನಾನು ನೋಡ್ತೀನಿ ಸಾರ್ ಅಂದೆ. ಬೆಂಚ್ ಹತ್ರ ಹೋದ್ರೆ ಡ್ಯೂಟಿಲಿದ್ದ ಹುಡುಗ ತಿರುಗಿ ಕೂಡ ನೋಡ್ದೆ, "ಸಾರ್, ಕ್ಯೂಸಿ ಪಾಸ್ ಆಗಿದೆ" ಅಂದ. ಅವನ ತಪ್ಪಲ್ಲ, ನಮ್ಮಲ್ಲಿ ಎಲ್ಲರೂ ಹಾಗೇ ಹೇಳೋದು. ನಂಗೆ ಈ "ಪಾಸ್" ಅನ್ನೋ ಪದವೇ ಆಗಲ್ಲ ಈಗ, ಪರೀಕ್ಷೆ ಥರ ಪಾಸು ಫೇಲು ಅಂತ ಎರಡೇ ಮಾಡ್ಬಿಟ್ರೆ ಆ ಚುಕ್ಕಿಗಳು ಯಾವ ಕಡೆ ನಡೀತಿವೆ ಅಂತ ಯಾರೂ ನೋಡಲ್ಲ.

ಚಾರ್ಟ್ ತೆಗೆದೆ. ಲೆವೆಲ್ 1ಕ್ಕೆ ನಡುಗೆರೆ 9.0, ಎರಡು ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಶನ್, ಅಂಕಿ ನಡುಗೆರೆಯ ಆಚೀಚೆ ಮಾಮೂಲಿ ಎಷ್ಟು ಅಲ್ಲಾಡುತ್ತೆ ಅನ್ನೋ ಅಳತೆ) ಗೆರೆಗಳು 8.1 ಮತ್ತು 9.9 (ಎಲ್ಲಾ ಅಂಕಿನೂ ಡೆಸಿಲೀಟರ್‌ಗೆ ಮಿಲಿಗ್ರಾಂ ಲೆಕ್ಕದಲ್ಲಿ). ಲೆವೆಲ್ 2ಕ್ಕೆ ನಡುಗೆರೆ 12.6, ಗೆರೆಗಳು 11.4 ಮತ್ತು 13.8. ಹನ್ನೆರಡು ದಿನದ ಚುಕ್ಕಿ ಎಲ್ಲಾ ಒಳಗೇ ಇದೆ, ಒಂದೂ ಎರಡು ಎಸ್‌ಡಿ ಹತ್ರ ಕೂಡ ಸುಳಿದಿಲ್ಲ. ದೂರದಿಂದ ನೋಡಿದ್ರೆ ನಡುಗೆರೆಗೆ ಅಂಟ್ಕೊಂಡಿರೋ ಸಾಲು, ಸ್ವಲ್ಪ ಕೆಳಗೆ ಬಾಗಿದೆಯೇನೋ ಅನ್ನೋ ಥರ. ಚಾರ್ಟಿನ ಎತ್ತರ ಅಷ್ಟಿರೋವಾಗ ಅಷ್ಟು ಬಾಗಿದ್ದು ಕಣ್ಣಿಗೆ ಬೀಳಲ್ಲ ಬಿಡಿ.

ಅಂಕಿಗಳನ್ನ ಬರ್ದು ನೋಡಿದಾಗ ಎದೆ ಧಸಕ್ ಅಂತು. ಲೆವೆಲ್ 1, ಒಂದನೇ ದಿನದಿಂದ: 9.06, 8.98, 9.10, 9.02, 8.92, 8.90, 8.78, 8.72, 8.70, 8.58, 8.52, 8.46. ಲೆವೆಲ್ 2: 12.74, 12.66, 12.80, 12.68, 12.54, 12.50, 12.34, 12.26, 12.20, 12.06, 11.96, 11.88. ಐದನೇ ದಿನದಿಂದ ಆಚೆಗೆ ಒಂದೇ ಒಂದ್ಸಲ ಕೂಡ ಮೇಲೆ ಹೋಗಿಲ್ಲ, ಎರಡೂ ಲೆವೆಲ್ ಕೈಕೈ ಹಿಡ್ಕೊಂಡು ಮೆಟ್ಲು ಇಳಿದ ಹಾಗೆ ಇಳಿದಿವೆ. ಆದ್ರೆ ನಮ್ಮ ಚಾರ್ಟಿನ ಪ್ರಕಾರ ಕೊನೇ ದಿನದ 8.46 ಅಂದ್ರೆ ನಡುಗೆರೆಯಿಂದ ಬರೀ 1.2 ಎಸ್‌ಡಿ ಕೆಳಗೆ, 11.88 ಕೂಡ ಅಷ್ಟೇ, 1.2. ಚುಕ್ಕಿಗಳು ಹೇಗೆ ಬಿದ್ರೆ ನಿಲ್ಲಿಸಬೇಕು ಅಂತ ಹೇಳೋ ವೆಸ್ಟ್‌ಗಾರ್ಡ್ ರೂಲುಗಳಲ್ಲಿ ನಾವು ಆನ್ ಇಟ್ಟಿದ್ದು ಯಾವ್ದೂ ಬಾಯಿ ಬಿಡೋ ಹಾಗೇ ಇರ್ಲಿಲ್ಲ.

ಹಾಗಾದ್ರೆ ಆ ಎಸ್‌ಡಿ ಎಲ್ಲಿಂದ ಬಂತು? ಇಲ್ಲಿ ನನ್ನ ಮುಖ ಸಣ್ಣದಾಗುತ್ತೆ. ಐದು ತಿಂಗಳ ಹಿಂದೆ ಕಂಟ್ರೋಲ್ ಲಾಟ್ (ಒಂದೇ ಸಲ ತಯಾರಾದ ಕಂತು) ಬದಲಾದಾಗ ಹಳೇ ಲಾಟು ಮುಗಿದೇ ಹೋಗಿತ್ತು, ಹೊಸದನ್ನ ಹಳೇದರ ಜೊತೆ ಒಟ್ಟೊಟ್ಟಿಗೆ ಓಡಿಸಿ ಮೀನ್ (ಸರಾಸರಿ) ಕಂಡ್ಕೊಳ್ಳೋಕೆ ಟೈಮ್ ಇರ್ಲಿಲ್ಲ, ಸರಿ ಸದ್ಯಕ್ಕೆ ಇರ್ಲಿ ಅಂತ ಡಬ್ಬಿ ಒಳಗಿದ್ದ ಇನ್ಸರ್ಟ್ ಕಾಗದ ನೋಡಿ 8.1ರಿಂದ 9.9 ಅಂತಿದ್ದ ರೇಂಜನ್ನ ಎರಡು ಎಸ್‌ಡಿ ಅಂತ ಅಂದ್ಕೊಂಡು ಸಾಫ್ಟ್‌ವೇರ್‌ಗೆ ಟೈಪ್ ಮಾಡಿದ್ದು ನಾನೇ. 1.8ನ್ನ ನಾಲ್ಕರಿಂದ ಭಾಗಿಸಿದ್ರೆ 0.45, ಅದೇ ಎಸ್‌ಡಿ. ಇಪ್ಪತ್ತು ದಿನ ಆದ್ಮೇಲೆ ನಮ್ಮದೇ ಅಂಕಿ ಹಾಕೋಣ ಅಂತಿದ್ದೆ. ಸದ್ಯಕ್ಕೆ ಅಂತ ಮಾಡಿದ್ದು ಎಷ್ಟು ದಿನ ಇರುತ್ತೆ ಅಂತ ಎಲ್ರಿಗೂ ಗೊತ್ತು.

ಇನ್ಸರ್ಟಿನ ರೇಂಜು ತಪ್ಪು ಅಂತ ನಾನು ಹೇಳ್ತಿಲ್ಲ. ಅದು ಉತ್ತರ ಕೊಡೋ ಪ್ರಶ್ನೆ ಬೇರೆ. ಬೇರೆ ಬೇರೆ ಲ್ಯಾಬು, ಬೇರೆ ಬೇರೆ ಮಷಿನ್ನು, ಬೇರೆ ರೀಏಜೆಂಟ್ (ಟೆಸ್ಟ್ ಮಾಡೋ ರಾಸಾಯನಿಕ) ಲಾಟು, ಇವೆಲ್ಲದರಲ್ಲೂ ಈ ಕಂಟ್ರೋಲ್ ಓಡಿಸಿದ್ರೆ ರಿಸಲ್ಟು ಸುಮಾರು ಎಲ್ಲಿಂದ ಎಲ್ಲಿವರೆಗೆ ಬರಬಹುದು ಅನ್ನೋದು ಅದ್ರ ಅರ್ಥ. ಲ್ಯಾಬು ಲ್ಯಾಬಿನ ನಡುವಿನ ವ್ಯತ್ಯಾಸ ಎಲ್ಲಾ ಅದರೊಳಗೆ ಸೇರಿರೋದ್ರಿಂದ ಅಗಲ ಇರಲೇಬೇಕು. ನಮಗೆ ಬೇಕಿರೋದು ನಮ್ಮ ಒಂದೇ ಮಷಿನ್ನು ನಿನ್ನೆಗೂ ಇವತ್ತಿಗೂ ಎಷ್ಟು ಅಲ್ಲಾಡುತ್ತೆ ಅನ್ನೋದು. ವಾಲ್ಟರ್ ಶೆವಾರ್ಟ್ 1924ರಲ್ಲಿ ಮೊದಲ ಕಂಟ್ರೋಲ್ ಚಾರ್ಟ್ ಬರೆದಾಗ ಅದು ಟೆಲಿಫೋನ್ ಸಾಮಾನು ಮಾಡೋ ಕಾರ್ಖಾನೆಗೋಸ್ಕರ, ರಕ್ತಕ್ಕೂ ಅದಕ್ಕೂ ಸಂಬಂಧ ಇಲ್ಲ, ಆದ್ರೆ ಅವ್ರ ಉಪಾಯದ ಜೀವ ಇರೋದೇ ಇಲ್ಲಿ: ಗೆರೆಗಳನ್ನ ಹೊರಗಿನಿಂದ ಯಾರೂ ಹೇಳಿ ಹಾಕ್ಬಾರ್ದು, ಕೆಲಸ ಸರಿಯಾಗಿ ನಡೀತಿರೋವಾಗ ಅದು ತಾನಾಗೇ ಎಷ್ಟು ಅಲ್ಲಾಡುತ್ತೋ ಅದರಿಂದಲೇ ಗೆರೆ ಬರಬೇಕು, ಆಮೇಲೆ ಅದನ್ನ ದಾಟಿದ ಚುಕ್ಕಿಗೆ ಏನೋ ಕಾರಣ ಇರುತ್ತೆ ಹುಡುಕಿ ಅಂತ. 1950ರಲ್ಲಿ ಲೆವಿ ಮತ್ತು ಜೆನಿಂಗ್ಸ್ ಇದನ್ನ ಕ್ಲಿನಿಕಲ್ ಲ್ಯಾಬಿಗೆ ತಂದ್ರು. ನಾವು ದಿನಾ ಅವರಿಬ್ಬರ ಹೆಸರು ಹೇಳ್ಕೊಂಡೇ, ಗೆರೆ ಮಾತ್ರ ಡಬ್ಬಿ ಒಳಗಿನ ಕಾಗದದಿಂದ ತಗೊಂಡಿದ್ವಿ.

ಜಾರೋಕೆ ಶುರುವಾಗೋ ಮುಂಚಿನ ಎರಡು ತಿಂಗಳ ಡೇಟಾ ತೆಗೆದು ಕೂಡ್ಸಿ ನೋಡಿದೆ. ಲೆವೆಲ್ 1ರ ನಿಜವಾದ ಮೀನ್ 9.04, ಎಸ್‌ಡಿ 0.12. ಲೆವೆಲ್ 2ರದ್ದು 12.70 ಮತ್ತು 0.16. ಅಂದ್ರೆ ಚಾರ್ಟಿನ ಮೇಲಿದ್ದ ಎಸ್‌ಡಿ ನಮ್ಮ ನಿಜವಾದ ಎಸ್‌ಡಿಗಿಂತ ಸುಮಾರು ನಾಲ್ಕು ಪಟ್ಟು ದೊಡ್ಡದು, ಚಾರ್ಟು "ಒಂದು ಎಸ್‌ಡಿ" ಅಂತ ತೋರಿಸ್ತಿದ್ದ ಜಾಗ ನಮಗೆ ಹೆಚ್ಚುಕಮ್ಮಿ ನಾಲ್ಕು ಎಸ್‌ಡಿ. ಸರಿಯಾದ ಗೆರೆ ಇಟ್ಟು ಅದೇ ಹನ್ನೆರಡು ದಿನವನ್ನ ಮತ್ತೆ ಬಿಡಿಸಿದ್ರೆ ಚಿತ್ರವೇ ಬೇರೆ. ಏಳನೇ ದಿನ ಲೆವೆಲ್ 1 ಮೈನಸ್ 2.2ರಲ್ಲಿ, ಲೆವೆಲ್ 2 ಮೈನಸ್ 2.3ರಲ್ಲಿ, ಒಂದೇ ರನ್ನಲ್ಲಿ ಎರಡೂ ಒಂದೇ ಕಡೆ ಎರಡು ಎಸ್‌ಡಿ ದಾಟಿವೆ, ಅಂದ್ರೆ 2-2ಎಸ್ ರೂಲ್ ಅವತ್ತೇ ಕೂಗ್ತಿತ್ತು. ಒಂಬತ್ತನೇ ದಿನ ಲೆವೆಲ್ 2 ಮೂರು ಎಸ್‌ಡಿ ದಾಟಿದೆ. ಫೋನ್ ಬಂದ ಹನ್ನೆರಡನೇ ದಿನ ಎರಡೂ ಮೈನಸ್ ಐದರ ಆಸುಪಾಸು! ಐದು ದಿನ ಮುಂಚೆನೇ ಗೊತ್ತಾಗಬೇಕಿದ್ದ ವಿಷಯ.

ಇನ್ನೊಂದು ಉಪಕಥೆ ಇದೆ, ಇದು ನಂಗೆ ಇನ್ನೂ ಬೇಜಾರಾಗಿದ್ದು. ವೆಸ್ಟ್‌ಗಾರ್ಡ್ ಮತ್ತು ಅವ್ರ ಜೊತೆಯವರು 1981ರಲ್ಲಿ ಕೊಟ್ಟ ರೂಲುಗಳಲ್ಲಿ 10ಎಕ್ಸ್ ಅಂತ ಒಂದಿದೆ, ಸತತ ಹತ್ತು ಚುಕ್ಕಿ ನಡುಗೆರೆಯ ಒಂದೇ ಕಡೆ ಬಿದ್ರೆ ನಿಲ್ಸಿ ಅಂತ. ಈ ರೂಲಿಗೆ ಎಸ್‌ಡಿ ಎಷ್ಟೇ ತಪ್ಪಿದ್ರೂ ತೊಂದ್ರೆ ಇಲ್ಲ, ಅದು ಬರೀ ಯಾವ ಕಡೆ ಅಂತ ಎಣಿಸುತ್ತೆ. ಎರಡೂ ಲೆವೆಲ್ ಸೇರಿಸಿ ಎಣಿಸಿದ್ರೆ ಐದನೇ ದಿನದಿಂದ ಒಂಬತ್ತನೇ ದಿನಕ್ಕೆ ಸರಿಯಾಗಿ ಹತ್ತು ಚುಕ್ಕಿ ಕೆಳಗೆ, ಆ ಹಾಳು ಗೆರೆಗಳಿದ್ರೂ ಒಂಬತ್ತನೇ ದಿನ ಅದು ಹಿಡೀತಿತ್ತು. ಆದ್ರೆ ನಾವದನ್ನ ಆಫ್ ಮಾಡಿಟ್ಟಿದ್ವಿ. ಯಾಕೆ ಅಂದ್ರೆ ಸುಮ್‌ಸುಮ್ನೆ ಕೂಗ್ತಿತ್ತು. ಯಾಕೆ ಸುಮ್‌ಸುಮ್ನೆ ಕೂಗ್ತಿತ್ತು ಅಂದ್ರೆ ಇನ್ಸರ್ಟಿನ ಮೀನ್ 12.6, ನಮ್ಮದು 12.70, ಹಾಗಾಗಿ ಎಲ್ಲಾ ಸರಿ ಇದ್ದಾಗ್ಲೂ ನಮ್ಮ ಚುಕ್ಕಿಗಳು ಮೇಲ್ಗಡೆನೇ ಜಾಸ್ತಿ ಬೀಳ್ತಿದ್ವು. ಮೀನ್ ಸರಿ ಮಾಡೋ ಬದಲು ಕೂಗೋ ರೂಲಿನ ಬಾಯಿ ಮುಚ್ಚಿಸಿದ್ವಿ. ಉಳಿದಿದ್ದು 1-3ಎಸ್ (ಒಂದು ಚುಕ್ಕಿ ಮೂರು ಎಸ್‌ಡಿ ದಾಟಿದ್ರೆ ನಿಲ್ಸಿ ಅನ್ನೋದು) ಮತ್ತು 2-2ಎಸ್, ಎರಡೂ ಎಸ್‌ಡಿ ನಂಬ್ಕೊಂಡಿರೋವು, ಎಸ್‌ಡಿನೇ ಸುಳ್ಳು.

ಸರಿ, ಗೆರೆ ಕಥೆ ಆಯ್ತು, ಕ್ಯಾಲ್ಸಿಯಂ ಯಾಕೆ ಜಾರಿತು ಅನ್ನೋದು ಬೇರೆ ಪ್ರಶ್ನೆ. ಅವತ್ತು ಮಧ್ಯಾಹ್ನ ಮೊದ್ಲು ಕ್ಯಾಲ್ಸಿಯಂ ರಿಪೋರ್ಟಿಂಗ್ ನಿಲ್ಲಿಸಿದ್ವಿ. ಆಮೇಲೆ ನಮ್ಮ ಹುಡುಗ ಅಭ್ಯಾಸಬಲದಿಂದ ಕ್ಯಾಲಿಬ್ರೇಶನ್ (ಅಂಕಿ ಗೊತ್ತಿರೋ ದ್ರಾವಣ ಇಟ್ಟು ಮಷಿನ್ನಿನ ಅಳತೆ ಹೊಂದಿಸೋದು) ಬಟನ್ ಒತ್ತೋಕೆ ಹೋದ, ತಡೀಪ್ಪಾ ಅಂದೆ. ಕ್ಯಾಲಿಬ್ರೇಟ್ ಮಾಡಿದ್ರೆ ಅಂಕಿ ಸರಿ ಹೋಗುತ್ತೆ ನಿಜ, ಆದ್ರೆ ಏನಾಗಿತ್ತು ಅನ್ನೋ ಸಾಕ್ಷಿ ಅಳಿಸಿ ಹೋಗುತ್ತೆ. ಒಂದೊಂದೇ ಬದಲಾಯಿಸಿ ನೋಡೋಣ ಅಂತ ಕೂತ್ವಿ.

ಅದಕ್ಕೂ ಮುಂಚೆ ಪೇಪರ್ ಮೇಲೆ ಯೋಚ್ನೆ ಮಾಡಿದ್ರೇ ಅರ್ಧ ಸಂಶಯ ಬಿದ್ದುಹೋಗುತ್ತೆ. ಲೆವೆಲ್ 1 ಇಳಿದಿದ್ದು 0.58, ಲೆವೆಲ್ 2 ಇಳಿದಿದ್ದು 0.82. ಅಂಕಿ ಬೇರೆ, ಆದ್ರೆ ಶೇಕಡಾವಾರು ನೋಡಿದ್ರೆ 6.4 ಮತ್ತು 6.5, ಹೆಚ್ಚುಕಮ್ಮಿ ಒಂದೇ. ಬ್ಲಾಂಕ್ (ಸ್ಯಾಂಪಲ್ ಇಲ್ಲದ ಬರೀ ರೀಏಜೆಂಟಿನ ಓದು) ಹಾಳಾಗಿದ್ರೆ ಎರಡೂ ಲೆವೆಲ್ ಒಂದೇ ಅಳತೆ ಇಳೀಬೇಕಿತ್ತು, ಹೀಗೆ ಅನುಪಾತದಲ್ಲಿ ಇಳಿದ್ರೆ ರಿಯಾಕ್ಷನ್ನಿನ ಸೆನ್ಸಿಟಿವಿಟಿನೇ ಬಿದ್ದಿದೆ ಅಂತ. ಕಂಟ್ರೋಲ್ ವೈಲ್ ಮುಚ್ಚಳ ತೆಗೆದಿಟ್ಟು ನೀರು ಆವಿಯಾಗಿದ್ರೆ ಕ್ಯಾಲ್ಸಿಯಂ ಏರಬೇಕಿತ್ತು, ಇಳಿಯೋದಲ್ಲ. ನೀರಿನಲ್ಲಿ ಕ್ಯಾಲ್ಸಿಯಂ ಸೇರ್ಕೊಂಡಿದ್ರೂ ಅಷ್ಟೇ, ಏರೋದು. ಪೇಷಂಟ್ ಟ್ಯೂಬಿಗೆ ಇಡಿಟಿಎ (ರಕ್ತ ಹೆಪ್ಪುಗಟ್ಟದ ಹಾಗೆ ಹಾಕೋ ಪೊಟ್ಯಾಸಿಯಂ ಲವಣ) ಬಿದ್ದಿದ್ರೆ ಕ್ಯಾಲ್ಸಿಯಂ ಇಳಿಯುತ್ತೆ, ಆದ್ರೆ ಪೊಟ್ಯಾಸಿಯಂ ಹಾರುತ್ತೆ, ಅದೂ ಆ ಒಂದು ಟ್ಯೂಬಲ್ಲಿ ಮಾತ್ರ, ಕಂಟ್ರೋಲ್‌ಗೆ ಹೇಗೆ ಬರುತ್ತೆ. ಲ್ಯಾಂಪ್ ಹಳೇದಾದ್ರೆ ಚುಕ್ಕಿಗಳು ಚದುರುತ್ವೆ, ಬೇರೆ ಟೆಸ್ಟುಗಳೂ ಒದ್ದಾಡ್ತವೆ, ಇಲ್ಲಿ ಬೇರೆ ಎಲ್ಲಾ ನೆಟ್ಟಗಿದ್ವು.

ಮೊದಲ ಪ್ರಯೋಗ, ಹೊಸ ಕಂಟ್ರೋಲ್ ವೈಲ್, ಉಳಿದಿದ್ದೆಲ್ಲಾ ಅದೇ: 8.48 ಮತ್ತು 11.86. ಅಂದ್ರೆ ಕಂಟ್ರೋಲ್ ತಪ್ಪಿಲ್ಲ. ಎರಡನೇದು, ಹಳೇ ಕ್ಯಾಲಿಬ್ರೇಶನ್ನೇ ಇಟ್ಕೊಂಡು ರೀಏಜೆಂಟ್ ಬಾಟಲಿ ಮಾತ್ರ ಹೊಸದು: 9.02 ಮತ್ತು 12.66. ಅಲ್ಲಿಗೆ ಮುಗೀತು, ಕಳ್ಳ ಬಾಟಲಿ ಒಳಗಿದ್ದ. ಮೂರನೇದು ಬರೀ ಖಚಿತ ಮಾಡ್ಕೊಳ್ಳೋಕೆ, ಹಳೇ ಬಾಟಲಿ ಇಟ್ಟು ಹೊಸದಾಗಿ ಕ್ಯಾಲಿಬ್ರೇಟ್ ಮಾಡಿದ್ವಿ: 9.06 ಮತ್ತು 12.74, ಭೇಷ್, ಆದ್ರೆ ಕ್ಯಾಲಿಬ್ರೇಶನ್ ಫ್ಯಾಕ್ಟರ್ (ಮಷಿನ್ನಿನ ಓದನ್ನ ಕ್ಯಾಲ್ಸಿಯಂ ಅಂಕಿ ಮಾಡೋಕೆ ಗುಣಿಸೋ ಸಂಖ್ಯೆ) ಹಿಂದಿನದಕ್ಕಿಂತ ಸುಮಾರು 7% ಜಾಸ್ತಿ ಬಂತು. ಮೊದಲೇ ಬಟನ್ ಒತ್ತಿದ್ದಿದ್ರೆ ಈ ಸತ್ತ ರೀಏಜೆಂಟಿನ ಮೇಲೇ ಇನ್ನೊಂದಿಷ್ಟು ದಿನ ಓಡಿಸ್ತಿದ್ವಿ.

ನಮ್ಮಲ್ಲಿದ್ದಿದ್ದು ಕ್ರೆಸಾಲ್‌ಥಾಲೀನ್ ಕಾಂಪ್ಲೆಕ್ಸೋನ್ ವಿಧಾನ. ಕ್ಯಾಲ್ಸಿಯಂ ಜೊತೆ ಸೇರಿ ನೇರಳೆ ಬಣ್ಣ ಬರೋದು ಕ್ಷಾರ ಜಾಸ್ತಿ ಇರೋ ದ್ರಾವಣದಲ್ಲಿ. ಕ್ಷಾರದ ರೀಏಜೆಂಟು ತೆರೆದಿಟ್ರೆ ಗಾಳಿಯ ಕಾರ್ಬನ್ ಡೈಆಕ್ಸೈಡನ್ನ ಹೀರ್ಕೊಳ್ಳುತ್ತೆ, ಪಿಎಚ್ ಇಳಿಯುತ್ತೆ, ಬಣ್ಣ ಕಮ್ಮಿ ಬರುತ್ತೆ. ಇದು ಪುಸ್ತಕ ಓದಿದ ಎಲ್ರಿಗೂ ಗೊತ್ತಿರೋದು. ಹಾಗಾದ್ರೆ ಇಷ್ಟು ವರ್ಷ ಆಗದೇ ಇದ್ದಿದ್ದು ಈಗ ಯಾಕಾಯ್ತು? ಯಾಕಂದ್ರೆ ಆ ತಿಂಗಳು ಸ್ಟೋರ್ಸ್‌ನಿಂದ ದೊಡ್ಡ ಪ್ಯಾಕ್ ಬಂದಿತ್ತು. ಚಿಕ್ಕ ಬಾಟಲಿ ನಾಲ್ಕೈದು ದಿನಕ್ಕೆ ಖಾಲಿ ಆಗ್ತಿತ್ತು, ಹೊಸ ಬಾಟಲಿ ಇಟ್ಟಾಗ ಹೇಗೂ ಕ್ಯಾಲಿಬ್ರೇಟ್ ಮಾಡ್ತಿದ್ರು. ದೊಡ್ಡ ಬಾಟಲಿ ಹನ್ನೆರಡು ದಿನ ಆದ್ರೂ ಕಾಲು ಭಾಗ ಉಳಿದಿತ್ತು, ಮುಚ್ಚಳ ಇಲ್ಲದೆ ಕ್ಯಾರೊಸೆಲ್‌ನಲ್ಲಿ ಸುತ್ತುತ್ತಾ ಗಾಳಿ ಕುಡೀತಾ ಇತ್ತು. ಲೇಬಲ್ ಮೇಲೆ ತಿಂಗಳುಗಟ್ಟಲೆ ಬಾಳಿಕೆ ಬರೆದಿತ್ತು, ಸಣ್ಣಕ್ಷರ ಓದಿದ್ರೆ ಅದು ಮುಚ್ಚಳ ಹಾಕಿ ಫ್ರಿಜ್ಜಲ್ಲಿಟ್ಟ ಬಾಟಲಿಗೆ. ಮೊದಲ ನಾಲ್ಕು ದಿನ ಹೆಚ್ಚೇನೂ ಆಗದೆ ಆಮೇಲೆ ಇಳಿಯೋಕೆ ಶುರುವಾಗಿದ್ದೂ ಅದಕ್ಕೇ ಇರಬೇಕು, ಬಫರ್ (ಪಿಎಚ್ ಬದಲಾಗದ ಹಾಗೆ ಹಿಡಿಯೋ ಅಂಶ) ತನ್ನ ಕೈಲಾದಷ್ಟು ದಿನ ತಡ್ಕೊಳ್ತು.

ಹಿಂದಿನ ಎರಡು ತಿಂಗಳ ಡೇಟಾವನ್ನ ಸರಿಯಾದ ಗೆರೆ ಇಟ್ಟು ಬಿಡಿಸಿದಾಗ ಒಂದು ಮಜಾ ಕಾಣ್ತು. ಗರಗಸದ ಹಲ್ಲಿನ ಥರ, ನಾಲ್ಕೈದು ದಿನ ಮೆಲ್ಲಗೆ ಇಳಿಯೋದು, ಬಾಟಲಿ ಬದಲಾದ ದಿನ ಟಕ್ ಅಂತ ಮೇಲೆ ಏರೋದು, ಮತ್ತೆ ಇಳಿಯೋದು. ರೋಗ ಮೊದಲಿಂದಲೂ ಇತ್ತು, ಚಿಕ್ಕ ಬಾಟಲಿ ಬೇಗ ಮುಗೀತಿದ್ದದ್ದಕ್ಕೆ ಬಚಾವಾಗ್ತಿದ್ವಿ. ಮೊದಲೇ ನಮ್ಮದೇ ಎಸ್‌ಡಿ ಇಟ್ಟಿದ್ದಿದ್ರೆ ಈ ಹಲ್ಲುಗಳು ದಿನಾ ಕಣ್ಣಿಗೆ ಬೀಳ್ತಿದ್ವು, ದೊಡ್ಡ ಪ್ಯಾಕ್ ಬಂದಾಗ ಯಾರಾದ್ರೂ ಒಬ್ರು ಬೇಡ ಅಂತಿದ್ರೇನೋ.

ಮಷಿನ್ನಿನ ಸೆಟ್ಟಿಂಗ್ ಬೇರೆ ಇತ್ತಲ್ಲ, ಬಾಟಲಿ ಬದಲಾದಾಗ ಅಥವಾ ಕ್ಯೂಸಿ ಫೇಲ್ ಆದ್ರೆ ಮಾತ್ರ ಕ್ಯಾಲಿಬ್ರೇಟ್ ಮಾಡು ಅಂತ. ಬಾಟಲಿ ಬದಲಾಗ್ಲಿಲ್ಲ, ಕ್ಯೂಸಿ ಫೇಲ್ ಆಗ್ಲೇ ಇಲ್ಲ. ಒಂದಕ್ಕೊಂದು ಎಷ್ಟು ಚೆನ್ನಾಗಿ ಕೂಡ್ಕೊಂಡಿತ್ತು ನೋಡಿ.

ಈಗ ಪೇಷಂಟ್ ರಿಪೋರ್ಟುಗಳ ವಿಷಯ, ನಿದ್ದೆಗೆಡಿಸಿದ್ದು ಇದೇ. ಸರಿಯಾದ ಗೆರೆಗಳ ಪ್ರಕಾರ ಕೊನೇ ಒಳ್ಳೇ ದಿನ ಆರನೇದು. ಹಾಗಾಗಿ ಏಳರಿಂದ ಹನ್ನೆರಡರವರೆಗೆ ಹೋದ ಎಲ್ಲಾ ಕ್ಯಾಲ್ಸಿಯಂ ಸಂಶಯದ್ದೇ. ನಮ್ಮಲ್ಲಿ ಸ್ಯಾಂಪಲ್ ಇಟ್ಕೊಳ್ಳೋದು ಮೂರು ದಿನ, ಅಂದ್ರೆ ಹತ್ತು, ಹನ್ನೊಂದು, ಹನ್ನೆರಡನೇ ದಿನದ ಸೀರಮ್ ಮಾತ್ರ ಫ್ರಿಜ್ಜಲ್ಲಿತ್ತು, 104 ಸ್ಯಾಂಪಲ್ಲು. ಎಲ್ಲಾ ಹೊಸ ರೀಏಜೆಂಟಲ್ಲಿ ಮತ್ತೆ ಓಡಿಸಿದ್ವಿ. ಮೊದಲು 8.6ಕ್ಕಿಂತ ಕಮ್ಮಿ ಅಂತ ಹೋದವು 44 ಇದ್ವು, ಮತ್ತೆ ಓಡಿಸಿದಾಗ ನಿಜವಾಗಿ ಕಮ್ಮಿ ಇದ್ದಿದ್ದು 12. ಒಬ್ರಿಗೆ ಆಗ್ಲೇ ಕ್ಯಾಲ್ಸಿಯಂ ಮಾತ್ರೆ ಶುರು ಮಾಡಿಬಿಟ್ಟಿದ್ರು.

44 ರಿಪೋರ್ಟಿಗೆ ಕಮ್ಮಿ ಅಂತ ಬಾಣದ ಗುರುತು ಬಿದ್ರೂ ಸಹಿ ಹಾಕೋವ್ರಿಗೆ ಗೊತ್ತಾಗ್ಲಿಲ್ವಾ ಅಂತ ಕೇಳ್ಬಹುದು. ಗೊತ್ತಾಗಲ್ಲ ಕಣ್ರೀ. ರಿಪೋರ್ಟು ಒಂದೊಂದಾಗಿ ಬರುತ್ತೆ, ಒಂದೊಂದಾಗಿ ಸಹಿ ಬೀಳುತ್ತೆ. ವಾರ್ಡಲ್ಲಿರೋ ಪೇಷಂಟಿಗೆ ಆಲ್ಬುಮಿನ್ (ಕ್ಯಾಲ್ಸಿಯಂನ ಹೊತ್ತೊಯ್ಯೋ ರಕ್ತದ ಪ್ರೋಟೀನು) ಇಳಿದಿರೋದು ಮಾಮೂಲಿ, ಅದ್ರ ಜೊತೆ ಕ್ಯಾಲ್ಸಿಯಂ 8.3 ಅಂದ್ರೆ ಯಾರಿಗೂ ಹುಬ್ಬು ಏರಲ್ಲ.

ಕಮ್ಮಿ ಬಂದಿದ್ದು ಕೊನೆಗೂ ಯಾರದೋ ಕಣ್ಣಿಗೆ ಬಿತ್ತು. ಆದ್ರೆ ನಾರ್ಮಲ್ ಅಂತ ಹೋದವುಗಳನ್ನ ಯಾರು ಕೇಳ್ತಾರೆ? 104ರಲ್ಲಿ ಮೂರು ಜನರದ್ದು ಮತ್ತೆ ಓಡಿಸಿದಾಗ ನಾರ್ಮಲ್ ಮಿತಿಯಾದ 10.2ರ ಮೇಲೆ ಬಂತು. ಅದರಲ್ಲಿ ಒಂದು 10.1 ಅಂತ ಹೋಗಿದ್ದು, ನಿಜ 10.8. ಆ ಪೇಷಂಟಿಗೆ ಪ್ಯಾರಾಥೈರಾಯ್ಡ್ ತೊಂದರೆ ಇದೆಯಾ ಅಂತ ನೋಡೋಕೇ ಟೆಸ್ಟ್ ಬರೆದಿದ್ರು, ನಾವು ಇಲ್ಲ ಅಂತ ಹೇಳಿ ಕಳ್ಸಿದ್ವಿ. ಈ ಮೂವರ ಬಗ್ಗೆ ಯಾವ ವಾರ್ಡಿಂದಲೂ ಫೋನ್ ಬರ್ತಿರ್ಲಿಲ್ಲ.

ಏಳು, ಎಂಟು, ಒಂಬತ್ತನೇ ದಿನದ ಸ್ಯಾಂಪಲ್ ಇರ್ಲಿಲ್ಲ. ಆಗಿನ ಜಾರುವಿಕೆ ಶೇಕಡಾ 3ರಿಂದ 4, ಹಾಗಾದ್ರೆ ಅಷ್ಟು ಕೂಡಿಸಿ ತಿದ್ದಿದ ರಿಪೋರ್ಟ್ ಕೊಡೋಣ ಅಂತ ಒಬ್ರು ಅಂದ್ರು. ನಾನು ಒಪ್ಲಿಲ್ಲ. ಕಂಟ್ರೋಲ್ ಎಷ್ಟು ಜಾರಿದೆಯೋ ಪೇಷಂಟ್ ಸೀರಮ್ಮೂ ಅಷ್ಟೇ ಜಾರಿದೆ ಅಂತ ಗ್ಯಾರಂಟಿ ಇಲ್ಲ, ಕಂಟ್ರೋಲ್ ಅನ್ನೋದು ಕಾರ್ಖಾನೆಲಿ ಮಾಡಿದ ಸೀರಮ್ಮು, ಅದರ ನಡತೆ ಪೇಷಂಟಿನ ಹಾಗೇ ಇರ್ಬೇಕು ಅಂತಿಲ್ಲ. ಅಳತೆ ಮಾಡದ ಅಂಕಿ ಬರ್ದು ಕಳ್ಸೋದಕ್ಕಿಂತ, ಈ ಮೂರು ದಿನದ ಕ್ಯಾಲ್ಸಿಯಂ ನಂಬ್ಬೇಡಿ, ಬೇಕಾದ್ರೆ ಹೊಸ ಸ್ಯಾಂಪಲ್ ಕಳ್ಸಿ, ನಮ್ಮ ಖರ್ಚಲ್ಲೇ ಮಾಡಿಕೊಡ್ತೀವಿ ಅಂತ ಪ್ರತಿಯೊಬ್ಬ ಡಾಕ್ಟ್ರಿಗೂ ಫೋನ್ ಮಾಡಿ ಹೇಳಿದ್ವಿ. ಆ ಎರಡು ದಿನ ಫೋನಲ್ಲಿ ಬೈಸ್ಕೊಂಡಿದ್ದನ್ನ ಇಲ್ಲಿ ಬರೆಯಲ್ಲ.

ಮೀಟಿಂಗಲ್ಲಿ ಒಂದು ವಾದ ಬಂತು, ಅದು ಪೂರ್ತಿ ತಳ್ಳಿಹಾಕೋ ಅಂಥದ್ದಲ್ಲ. ಅಮೆರಿಕದ ಲ್ಯಾಬುಗಳಿಗಿರೋ ಕ್ಲಿಯಾ ನಿಯಮದಲ್ಲಿ ಕ್ಯಾಲ್ಸಿಯಂಗೆ ಒಪ್ಪೋ ತಪ್ಪಿನ ಮಿತಿ ±1.0, ನಮ್ಮದು ಜಾರಿದ್ದು 0.58, ಅಂದ್ರೆ ಮಿತಿ ಒಳಗೇ ಇದೀವಲ್ಲ, ಇಷ್ಟು ಗಲಾಟೆ ಯಾಕೆ ಅಂತ. ಮೊದಲು ಲೆಕ್ಕವೇ ನೋಡೋಣ. ಮಾಮೂಲಿ ದಿನ ನಮ್ಮ ಸಿಗ್ಮಾ, ಅಂದ್ರೆ 1.0ನ್ನ 0.12ರಿಂದ ಭಾಗಿಸಿದ್ರೆ, 8ರ ಮೇಲೆ ಬರುತ್ತೆ, ತುಂಬಾ ಒಳ್ಳೇ ವಿಧಾನ. ಜಾರಿದ 0.58 ಕಳೆದು ಉಳಿದ 0.42ನ್ನ ಭಾಗಿಸಿದ್ರೆ 3.5. ಒಳ್ಳೇ ವಿಧಾನ ಹನ್ನೆರಡು ದಿನಕ್ಕೆ ಸಾಧಾರಣ ಆಗೋಯ್ತು. ಅದಕ್ಕಿಂತ ದೊಡ್ಡ ವಿಷಯ, ಕ್ಯಾಲ್ಸಿಯಂ ಅನ್ನೋದನ್ನ ದೇಹ ಬಿಗಿಯಾಗಿ ಹಿಡಿದಿಟ್ಟಿರುತ್ತೆ, ಒಬ್ಬ ಆರೋಗ್ಯವಂತನಲ್ಲಿ ದಿನದಿಂದ ದಿನಕ್ಕೆ ಸುಮಾರು 2% ಅಷ್ಟೇ ಅಲ್ಲಾಡೋದು. ನಾವು ನಾರ್ಮಲ್ ಅಂತ ಬರೆಯೋ ರೇಂಜಿನ ಅಗಲವೇ 8.6ರಿಂದ 10.2. ಅಂಥ ಕಡೆ ಎಲ್ಲರನ್ನೂ ಒಟ್ಟಿಗೆ 6% ಕೆಳಗೆ ತಳ್ಳಿದ್ರೆ, ಮಿತಿ ಒಳಗಿದೆ ಅಂತ ಹೇಳೋಕೆ ನಾಲಗೆ ಬರಲ್ಲ.

ಆದ್ರೆ ಆ ವಾದದಿಂದ ಒಂದು ಉಪಯೋಗ ಆಯ್ತು. ಸಿಗ್ಮಾ 8 ಇರೋ ಟೆಸ್ಟಿಗೆ ಆರೇಳು ರೂಲ್ ಹಾಕ್ಕೊಂಡು ಒದ್ದಾಡಬೇಕಿಲ್ಲ. ನಿಜವಾದ ಎಸ್‌ಡಿ ಇಟ್ಟಿದ್ದಿದ್ರೆ ಒಂದೇ ಒಂದು 1-3ಎಸ್ ರೂಲ್ ಕೂಡ ಒಂಬತ್ತನೇ ದಿನ ಹಿಡೀತಿತ್ತು. ನಾಲ್ಕು ಪಟ್ಟು ಅಗಲದ ಗೆರೆ ಇಟ್ಕೊಂಡು ರೂಲ್ ಮೇಲೆ ರೂಲ್ ಹೇರಿದ್ರೆ ಏನೂ ಆಗಲ್ಲ. ಆದ್ರೂ 2-2ಎಸ್ ಇಟ್ಕೊಂಡ್ವಿ, ಎರಡು ದಿನ ಮುಂಚೆ ಹೇಳುತ್ತೆ ಅಂತ. 10ಎಕ್ಸ್ ಕೂಡ ಆನ್ ಮಾಡಿದ್ವಿ, ನಿಲ್ಸೋಕಲ್ಲ, ನೋಡೋಕೆ.

ಹೊಸ ಗೆರೆ ಹಾಕೋವಾಗ ಎರಡು ಕಡೆ ಎಡವೋ ಜಾಗ ಇತ್ತು. ಒಂದು, ಆತುರಕ್ಕೆ ಬಿದ್ದು ಒಂದೇ ದಿನ ಇಪ್ಪತ್ತು ಸಲ ಓಡಿಸಿ ಎಸ್‌ಡಿ ತೆಗೆಯೋದು. ಇಪ್ಪತ್ತು ಅಂಕಿ ಬೇಕು ಅನ್ನೋದು ನಿಜ, ಆದ್ರೆ ಇಪ್ಪತ್ತು ಬೇರೆ ಬೇರೆ ದಿನದ್ದು. ಒಂದೇ ದಿನದ್ದಾದ್ರೆ ಬಾಟಲಿ ಬದಲು, ಕ್ಯಾಲಿಬ್ರೇಶನ್, ಬೇರೆ ಶಿಫ್ಟಿನ ಕೈ ಇವ್ಯಾವ್ದೂ ಒಳಗೆ ಬರಲ್ಲ, ಎಸ್‌ಡಿ ಚಿಕ್ಕದಾಗುತ್ತೆ, ಆಮೇಲೆ ದಿನಾ ಅಲಾರಂ. ಇನ್ನೊಂದು, ಎರಡು ಎಸ್‌ಡಿ ಆಚೆ ಹೋದ ಚುಕ್ಕಿಯನ್ನೆಲ್ಲಾ ಕೆಟ್ಟದ್ದು ಅಂತ ಕಿತ್ತು ಹಾಕಿ ಮಿಕ್ಕಿದ್ದರಿಂದ ಲೆಕ್ಕ ಹಾಕೋದು. ಪ್ರತಿ ತಿಂಗಳು ಹಾಗೆ ಮಾಡ್ತಾ ಹೋದ್ರೆ ಗೆರೆ ಕುಗ್ಗಿ ಕುಗ್ಗಿ ಕತ್ತು ಹಿಸುಕುತ್ತೆ. ನಾವು ಕಿತ್ತಿದ್ದು ಕಾರಣ ಗೊತ್ತಿದ್ದವನ್ನ ಮಾತ್ರ, ಅಂದ್ರೆ ಜಾರಿದ ಆ ದಿನಗಳನ್ನ.

ಮೊದಲ ತಿಂಗಳು ಬೆಂಚಲ್ಲಿ ಗೊಣಗಾಟ ಜೋರಾಗೇ ಇತ್ತು. ಮೊದಲೆಲ್ಲಾ ಕ್ಯಾಲ್ಸಿಯಂ ಆರಾಮಾಗಿತ್ತು ಸಾರ್, ನೀವು ಗೆರೆ ಬದಲಾಯಿಸಿದ್ಮೇಲೆ ಹಾಳಾಯ್ತು ಅಂತ ಸೀನಿಯರ್ ಒಬ್ರು ಅಂದೇಬಿಟ್ರು. ಕೂರಿಸ್ಕೊಂಡು ಲೆಕ್ಕ ತೋರಿಸ್ದೆ: ಎಲ್ಲಾ ಸರಿ ಇದ್ದಾಗ್ಲೂ ನೂರು ಚುಕ್ಕಿಲಿ ನಾಲ್ಕೈದು ಎರಡು ಎಸ್‌ಡಿ ದಾಟಲೇಬೇಕು, ಎರಡು ಲೆವೆಲ್ ಹಾಕಿದ್ರೆ ನೂರು ರನ್ನಲ್ಲಿ ಸುಮಾರು ಒಂಬತ್ತರಲ್ಲಿ ಯಾವ್ದೋ ಒಂದು ದಾಟುತ್ತೆ. ಅದಕ್ಕೇ ಎರಡು ಎಸ್‌ಡಿ ದಾಟಿದ್ದು ಬರೀ ಎಚ್ಚರಿಕೆ, ಮತ್ತೆ ಮತ್ತೆ ವೈಲ್ ಒಡೆದು ಒಳಗೆ ಬರೋವರೆಗೂ ಹಾಕ್ತಾ ಇರೋದಲ್ಲ. ಆ ತಿಂಗಳು 60 ಚುಕ್ಕಿ ಬಿತ್ತು, ಎರಡು ಎಸ್‌ಡಿ ದಾಟಿದ್ದು ನಾಲ್ಕು, ಮೂರು ಎಸ್‌ಡಿ ದಾಟಿದ್ದು ಒಂದೂ ಇಲ್ಲ. ಲೆಕ್ಕದ ಪ್ರಕಾರ ಸುಮಾರು ಮೂರು ಬರ್ಬೇಕಿತ್ತು. ನೋಡಿ ಎಷ್ಟು ಆರೋಗ್ಯವಾಗಿದೆ ಅಂದೆ, ಅವ್ರು ಪೂರ್ತಿ ಒಪ್ಪಿದ ಹಾಗೇನೂ ಕಾಣ್ಲಿಲ್ಲ.

ಬಾಟಲಿ ವಿಷಯ ಸುಲಭ, ಚಿಕ್ಕ ಪ್ಯಾಕಿಗೆ ವಾಪಸ್ ಹೋದ್ವಿ, ಐದು ದಿನ ಆದ್ರೆ ಉಳಿದಿದ್ರೂ ಚೆಲ್ಲೋದು, ಪ್ರತಿ ಬಾಟಲಿಗೂ ಕ್ಯಾಲಿಬ್ರೇಶನ್, ಫ್ಯಾಕ್ಟರ್ ಎಷ್ಟು ಬಂತು ಅಂತ ಒಂದು ಪಟ್ಟಿಲಿ ಬರೆಯೋದು. ಜೊತೆಗೆ ದಿನದ ಕೊನೆಗೆ ಅವತ್ತಿನ ಎಲ್ಲಾ ಪೇಷಂಟ್ ಕ್ಯಾಲ್ಸಿಯಂನ ಮೀಡಿಯನ್ (ಸಾಲಾಗಿ ಇಟ್ರೆ ನಡುವೆ ಬರೋ ಅಂಕಿ) ಕೂಡ ಒಂದು ಚಾರ್ಟ್ ಮೇಲೆ ಹಾಕ್ತೀವಿ. ಪೇಷಂಟ್ ಸರಾಸರಿಯನ್ನೇ ಕ್ಯೂಸಿ ಥರ ಬಳಸೋ ಯೋಚ್ನೆ ಹಳೇದು, ಹಾಫ್‌ಮನ್ ಮತ್ತು ವೇಯ್ಡ್ 1965ರಲ್ಲೇ ಬರೆದಿದ್ರು. ಹಿಂದಕ್ಕೆ ಹೋಗಿ ನೋಡಿದ್ರೆ ನಮ್ಮ ಮೀಡಿಯನ್ 9.2 ಇದ್ದಿದ್ದು ಹನ್ನೆರಡನೇ ದಿನ 8.6ಕ್ಕೆ ಬಂದಿತ್ತು. ಕಂಟ್ರೋಲಿಗೆ ದುಡ್ಡು ಕೊಡ್ಬೇಕು, ಇದು ಕಂಪ್ಯೂಟರಲ್ಲಿ ಪುಕ್ಕಟೆ ಬಿದ್ದಿತ್ತು.

ಆಮೇಲೆ ಉಳಿದ ಟೆಸ್ಟುಗಳ ಚಾರ್ಟ್ ನೋಡೋಕೆ ಒಂದು ಉಪಾಯ ಹಿಡಿದೆ. ಕಾರ್ಖಾನೆ ಕಡೆ ಚಾರ್ಟ್ ಓದೋವ್ರು ಬಳಸೋ ನೆಲ್ಸನ್ ರೂಲುಗಳು ಅಂತಿವೆ, 1984ರವು, ಅದರಲ್ಲಿ ಒಂದು ವಿಚಿತ್ರದ್ದು: ಸತತ ಹದಿನೈದು ಚುಕ್ಕಿ ಒಂದು ಎಸ್‌ಡಿ ಒಳಗೇ ಬಿದ್ರೆ ಅದೂ ಅಲಾರಂ. ಮೊದಲ ಸಲ ಓದಿದಾಗ ಇದೇನಪ್ಪಾ ಚೆನ್ನಾಗಿದ್ರೂ ಬೈತಾರೆ ಅನ್ನಿಸಿತ್ತು. ಆದ್ರೆ ಗೆರೆ ಸರಿ ಇದ್ರೆ ಮೂರರಲ್ಲಿ ಒಂದು ಚುಕ್ಕಿ ಒಂದು ಎಸ್‌ಡಿ ಆಚೆ ಬೀಳಬೇಕು, ಹದಿನೈದೂ ಒಳಗೇ ಬೀಳೋ ಸಾಧ್ಯತೆ ಸಾವಿರಕ್ಕೆ ಮೂರು. ಲ್ಯಾಬಿನವರು ಕಲಿಯೋ ವೆಸ್ಟ್‌ಗಾರ್ಡ್ ಪಟ್ಟಿಲಿ ಇದಿಲ್ಲ. ನಮ್ಮ ಹಳೇ ಕ್ಯಾಲ್ಸಿಯಂ ಚಾರ್ಟಲ್ಲಿ ಎರಡು ತಿಂಗಳ 120 ಚುಕ್ಕಿಲಿ ಒಂದು ಎಸ್‌ಡಿ ಆಚೆ ಎಷ್ಟು ಅಂತ ಎಣಿಸ್ದೆ. ಬರ್ಬೇಕಿದ್ದಿದ್ದು ಸುಮಾರು 38. ಇದ್ದಿದ್ದು ಸೊನ್ನೆ.

ಹಾಗೇ ಎಲ್ಲಾ ಟೆಸ್ಟನ್ನೂ ಎಣಿಸ್ತಾ ಬಂದೆ. ಇನ್ನೂ ಏಳು ಟೆಸ್ಟುಗಳು ಇದೇ ಜಾತಿ, ಎಲ್ಲಾ ಅದೇ ಲಾಟ್ ಬದಲಾದ ವಾರ ನಾನೇ ಟೈಪ್ ಮಾಡಿದವು, ಒಂದೊಂದಾಗಿ ಸರಿ ಮಾಡ್ತಿದೀವಿ. ಬೈಕಾರ್ಬೊನೇಟ್ ಮಾತ್ರ ಉಲ್ಟಾ ಬಂತು, 120ರಲ್ಲಿ 71 ಚುಕ್ಕಿ ಒಂದು ಎಸ್‌ಡಿ ಆಚೆ. ಅದರ ಗೆರೆ ಯಾರೋ ಕುಗ್ಗಿಸಿದಾರಾ, ಇಲ್ಲಾ ಬೆಳಿಗ್ಗೆ ತೆರೆದಿಟ್ಟ ಕಂಟ್ರೋಲ್ ಕಪ್ಪಿಂದ ಕಾರ್ಬನ್ ಡೈಆಕ್ಸೈಡ್ ಹಾರಿಹೋಗ್ತಿದೆಯಾ ಅಂತ ನೋಡ್ಬೇಕು. ನಾಳೆ ಬೆಳಿಗ್ಗೆ ಒಂದು ಕಪ್ಪು ಮುಚ್ಚಿಟ್ಟು ಇನ್ನೊಂದು ತೆರೆದಿಟ್ಟು ಅರ್ಧರ್ಧ ಗಂಟೆಗೆ ಓಡಿಸೋಕೆ ಹೇಳಿದೀನಿ.